ಬ್ರೂಸ್ ಫೂಟನ ಕೈಯಲ್ಲಿ ಏನಿರಬೇಕು?

ಲಂಡನ್ ನಗರದ ರಾಷ್ಟ್ರೀಯ ಭಾವಚಿತ್ರಶಾಲೆಯಲ್ಲಿ ಥಾಮಸ್ ಹೆನ್ರಿ ಹಕ್ಸ್‌ಲಿಯ ತೈಲಚಿತ್ರವೊಂದಿದೆ. 1883ರಲ್ಲಿ ಅದನ್ನು ಬರೆದವನು ಅವನ ಅಳಿಯನಾದ ಜಾನ್ ಕಾಲಿಯರ್ ಎಂಬ ಚಿತ್ರಕಾರ. ಹಕ್ಸ್‌ಲಿಯು ನೆಟ್ಟಗೆ ನಿಂತಿದ್ದಾನೆ. ಅವನ ಕೈಯಲ್ಲಿ ಮನುಷ್ಯನ ತಲೆಬುರುಡೆಯೊಂದಿದೆ. ಚಿತ್ರವನ್ನು ಮೊದಲ ಸಲ ನೋಡುವವನಿಗೆ ಇದು ಭಯಂಕರವಾಗಿ ತೋರಬಹುದು. ಆದರೆ ಹಕ್ಸ್‌ಲಿಯ ಜೀವಿತವನ್ನು ಬಲ್ಲವನು ಒಡನೆಯೇ ಅರ್ಥಮಾಡಿಕೊಳ್ಳುತ್ತಾನೆ. ಪಳೆಯುಳಿಕೆಗಳನ್ನೂ ಪ್ರಾಣಿಗಳ ಅಂಗರಚನೆಯನ್ನೂ ಜೊತೆಜೊತೆಯಾಗಿ ಅಭ್ಯಾಸ ಮಾಡಿ, ನಿಸರ್ಗದಲ್ಲಿ ಮಾನವನ ಸ್ಥಾನ ಯಾವುದೆಂಬ ಪ್ರಶ್ನೆಯನ್ನು 1863ರಷ್ಟು ಹಿಂದೆಯೇ ಒಂದು ಗ್ರಂಥದಲ್ಲಿ ಎತ್ತಿದವನು ಆತ. ಆ ಪ್ರಶ್ನೆಯನ್ನೇ ಚಿತ್ರಕಾರನು ಅವನ ಕೈಯಲ್ಲಿ ಇರಿಸಿದ್ದಾನೆ.

ಈ ಪದ್ಧತಿ ನಮಗೇನೂ ಹೊಸದಲ್ಲ. ಬೇಲೂರು ಹಳೇಬೀಡುಗಳ ಗೋಡೆಗಳ ಮೇಲಿನ ಮೂರ್ತಿಗಳನ್ನು ನಾವು ಗುರುತಿಸುವುದು ಮುಖದಿಂದಲ್ಲ, ಕೈಯಲ್ಲಿರುವ ವಸ್ತುವಿನಿಂದ. ಶಂಖಚಕ್ರಗಳಿದ್ದರೆ ವಿಷ್ಣು, ವೀಣೆಯಿದ್ದರೆ ಸರಸ್ವತಿ, ತ್ರಿಶೂಲ ಡಮರುಗಳಿದ್ದರೆ ಶಿವ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಪ್ರಕೃತಿವಿಜ್ಞಾನಿಗಳ ಚಿತ್ರಗಳಿಗೂ ಇಂಥದೇ ಒಂದು ಲಕ್ಷಣಶಾಸ್ತ್ರ ಬೆಳೆದಿತ್ತೆನ್ನಬಹುದು. ಸಮುದ್ರತೀರದ ಬಂಡೆಗಳಿಂದ ಬೃಹತ್ ಸರೀಸೃಪಗಳ ಎಲುಬುಗೂಡುಗಳನ್ನು ಹೊರತೆಗೆದ ಮೇರಿ ಆ್ಯನಿಂಗಳ ಚಿತ್ರದಲ್ಲಿ ಸುತ್ತಿಗೆ, ಬುಟ್ಟಿ ಮತ್ತು ಅವಳ ನಾಯಿ ಇವೆ. ರಿಚರ್ಡ್ ಓವೆನನು ಒಂದು ಪ್ರಸಿದ್ಧ ಛಾಯಾಚಿತ್ರದಲ್ಲಿ ನ್ಯೂಜಿಲೆಂಡಿನ ಮೋವಾ ಎಂಬ ಲುಪ್ತಪಕ್ಷಿಯ ಎತ್ತರವಾದ ಅಸ್ಥಿಪಂಜರದ ಪಕ್ಕದಲ್ಲಿ ನಿಂತು, ಕೈಯಲ್ಲಿ ಚಿಕ್ಕದೊಂದು ಮೂಳೆಯ ತುಂಡನ್ನು ಹಿಡಿದಿದ್ದಾನೆ. ಆ ತುಂಡು ಅವನ ಬಳಿಗೆ ಬಂದುದು 1839ರಲ್ಲಿ. ಅದರ ಉದ್ದ ಸುಮಾರು ಆರು ಅಂಗುಲ. ಅಷ್ಟರಿಂದಲೇ ಅವನು, ಹಾರಲಾರದ ದೈತ್ಯಪಕ್ಷಿಯೊಂದು ಆ ದ್ವೀಪದಲ್ಲಿದ್ದಿರಬೇಕು ಎಂದು ಸಾರಿದನು. ಕೆಲವು ವರ್ಷಗಳ ಮೇಲೆ ಇನ್ನಷ್ಟು ಮೂಳೆಗಳು ಬಂದು ಆ ಮಾತನ್ನು ದೃಢಪಡಿಸಿದುವು.

ಹಕ್ಸ್‌ಲಿಯನ್ನು ಬರೆದ ಕಾಲಿಯರನೇ ಚಾರ್ಲ್ಸ್ ಡಾರ್ವಿನನನ್ನೂ ಬರೆದಿದ್ದಾನೆ. ಅಲ್ಲಿ ಡಾರ್ವಿನನ ಕೈಯಲ್ಲಿ ಮೂಳೆಯೂ ಇಲ್ಲ, ಕಪ್ಪೆಚಿಪ್ಪೂ ಇಲ್ಲ. ಹೊರಗೆ ಅಡ್ಡಾಡಲು ಹೊರಟ ವೃದ್ಧನಂತೆ ಟೋಪಿಯನ್ನು ಹಿಡಿದಿದ್ದಾನೆ, ಅಷ್ಟೆ.

ಈ ಚಿತ್ರಗಳನ್ನು ನೋಡುವಾಗ ನನಗೆ ನಮ್ಮ ನಾಡಿಗೆ ಸಂಬಂಧಿಸಿದ ಒಬ್ಬ ವಿಜ್ಞಾನಿಯ ನೆನಪಾಗುತ್ತದೆ. ಕನ್ನಡನಾಡಿನ ಶಿಲೆಗಳನ್ನೂ ಪಳೆಯುಳಿಕೆಗಳನ್ನೂ ಅವನಷ್ಟು ನಡೆದು ನೋಡಿದವರು ಹತ್ತೊಂಬತ್ತನೆಯ ಶತಮಾನದಲ್ಲಿ ವಿರಳ. ಆದರೂ ನಮ್ಮಲ್ಲಿ ಬಹುಮಂದಿಗೆ ಅವನ ಮುಖದ ಪರಿಚಯವೇ ಇಲ್ಲ. ಒಬ್ಬ ಚಿತ್ರಕಾರನು ಅವನ ಭಾವಚಿತ್ರವನ್ನು ಬರೆಯಲು ಕುಳಿತನೆಂದು ಭಾವಿಸೋಣ. ಅವನ ಕೈಯಲ್ಲಿ ಏನನ್ನು ಇಡಬೇಕು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ, ನೆಲದಿಂದ ದೊರೆತ ವಸ್ತುವೊಂದು ಸಾಕ್ಷ್ಯವಾಗುವುದು ಹೇಗೆ ಎಂಬ ಪಾಠವೂ ದೊರೆಯುತ್ತದೆ.

ಫೂಟನೆಂಬವನು ಯಾರು?

ರಾಬರ್ಟ್ ಬ್ರೂಸ್ ಫೂಟನು ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸಿಗೆ ಬಂದನು; 1891ರಲ್ಲಿ ನಿವೃತ್ತನಾದನು. ಈ ಮೂವತ್ತುಮೂರು ವರ್ಷಗಳಲ್ಲಿ ಅವನು ದಕ್ಷಿಣ ಭಾರತದ ಬಹುಭಾಗವನ್ನು ಕಾಲುನಡಿಗೆಯಲ್ಲಿ ಮತ್ತು ಕುದುರೆಯ ಮೇಲೆ ಸುತ್ತಿದನು. ಇಂದಿನ ಬೆಳಗಾವಿ, ಬಾಗಲಕೋಟೆ, ಧಾರವಾಡದ ಸೀಮೆಗಳ ಭೂರಚನೆಯನ್ನು ಕುರಿತ ಅವನ ಗ್ರಂಥವು 1876ರಲ್ಲಿಯೂ, ಬಳ್ಳಾರಿ ಜಿಲ್ಲೆಯನ್ನು ಕುರಿತುದು 1895ರಲ್ಲಿಯೂ ಪ್ರಕಟವಾದುವು. ಮೈಸೂರು ಸಂಸ್ಥಾನವು 1894ರಲ್ಲಿ ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ಬೆಂಗಳೂರಿನಲ್ಲಿ ತೆರೆದಾಗ ಅದರ ಮೊದಲ ಮುಖ್ಯಸ್ಥನಾದವನೂ ಇವನೇ. 1912ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡನು. ಅವನ ಸಮಾಧಿಯು ಸೇಲಂ ಬಳಿಯ ಏರ್ಕಾಡು ಬೆಟ್ಟದ ಮೇಲಿದೆ.

ಹಕ್ಸ್‌ಲಿಗೂ ಇವನಿಗೂ ಒಂದು ನಂಟುಂಟು. ತಲೆಬುರುಡೆಯ ಚಿತ್ರವು ಸಿದ್ಧವಾದ ಕಾಲದಲ್ಲಿಯೇ, ಕರ್ನೂಲು ಜಿಲ್ಲೆಯ ಸುಣ್ಣಕಲ್ಲಿನ ಗುಹೆಗಳನ್ನು ಪರೀಕ್ಷಿಸಬೇಕೆಂದು ಹಕ್ಸ್‌ಲಿಯು ಮದರಾಸಿನ ಗವರ್ನರಾಗಿದ್ದ ಗ್ರಾಂಟ್ ಡಫ್‌ನಿಗೆ ಸೂಚಿಸಿದನು. ಆ ಕೆಲಸವು ಫೂಟನ ಪಾಲಿಗೆ ಬಂದಿತು. ಸೈನ್ಯದಲ್ಲಿದ್ದ ಅವನ ಮಗ ಹೆನ್ರಿಯೂ ಅಗೆತದಲ್ಲಿ ಕೈಹಾಕಿದನು. ಬಿಲ್ಲಸುರ್ಗಂ ಎಂಬ ಆ ಗುಹೆಗಳಿಂದ ಬಂದ ಪ್ರಾಣಿಗಳ ಮೂಳೆಗಳನ್ನು ರಿಚರ್ಡ್ ಲೈಡೆಕ್ಕರನು ಅಭ್ಯಾಸಮಾಡಿ 1886ರಲ್ಲಿ ವಿವರಿಸಿದನು.

ಪಲ್ಲಾವರದ ಕಲ್ಲು

ಚಿತ್ರಕಾರನಿಗೆ ಮೊದಲು ಹೊಳೆಯುವ ವಸ್ತು ಒಂದು ಕಲ್ಲು. 1863ನೆಯ ಮೇ 30ರಂದು ಮದರಾಸಿನ ದಕ್ಷಿಣಕ್ಕಿರುವ ಪಲ್ಲಾವರದಲ್ಲಿ, ಜಲ್ಲಿ ತೆಗೆಯಲು ತೋಡಿದ್ದ ಒಂದು ಗುಂಡಿಯ ಬಳಿ ಫೂಟನಿಗೆ ಕ್ವಾರ್ಟ್ಸೈಟ್ ಶಿಲೆಯ ತುಂಡೊಂದು ಕಣ್ಣಿಗೆ ಬಿದ್ದಿತು. ಅದು ಒಡೆದ ಕಲ್ಲಲ್ಲ, ಒಡೆಯಲ್ಪಟ್ಟ ಕಲ್ಲು ಎಂದು ಅವನು ಅರಿತನು. ಭಾರತದಲ್ಲಿ ಹಳೆಯ ಶಿಲಾಯುಗದ ಮನುಷ್ಯನಿದ್ದನೆಂಬುದನ್ನು ವಿಜ್ಞಾನಲೋಕಕ್ಕೆ ತಿಳಿಸಿಕೊಟ್ಟ ಮೊದಲ ಆಯುಧ ಅದು. ಫ್ರಾನ್ಸಿನ ಸೋಮ್ ನದಿಯ ಗರಸಿನಲ್ಲಿ ದೊರೆತ ಕಲ್ಲುಗಳು ನಿಜವಾಗಿಯೂ ಮನುಷ್ಯಕೃತವೆಂದು ಇಂಗ್ಲೆಂಡಿನ ವಿಜ್ಞಾನಿಗಳು ಒಪ್ಪಿಕೊಂಡು ಆಗ ಕೇವಲ ನಾಲ್ಕು ವರ್ಷಗಳಾಗಿದ್ದುವು.

ಒಡೆದ ಕಲ್ಲಿಗೂ ಒಡೆಯಲ್ಪಟ್ಟ ಕಲ್ಲಿಗೂ ಭೇದವನ್ನು ತಿಳಿಯುವುದು ಹೇಗೆ? ಇದು ಭೌತವಿಜ್ಞಾನದ ವಿಷಯ. ಕಿಟಕಿಯ ಗಾಜಿಗೆ ಸಣ್ಣದೊಂದು ಗುಂಡು ರಭಸದಿಂದ ತಗುಲಿದರೆ, ಒಳಮೈಯಿಂದ ಶಂಕುವಿನಾಕಾರದ ಚಕ್ಕೆಯೊಂದು ಹಾರುವುದನ್ನು ಅನೇಕರು ಕಂಡಿರಬಹುದು. ಪೆಟ್ಟು ಬಿದ್ದ ಬಿಂದುವಿನಿಂದ ಬಿರುಕು ನಾಲ್ಕೂ ಕಡೆಗೆ ಓರೆಯಾಗಿ ಇಳಿಯುತ್ತದೆ. ಆದುದರಿಂದ ಶಂಕುವಿನ ಆಕಾರ. ಗಾಜಿನಂತೆ ಬಿಗಿಯಾಗಿ, ಎಲ್ಲ ದಿಕ್ಕಿನಲ್ಲೂ ಒಂದೇ ಗುಣವುಳ್ಳ ಶಿಲೆಗಳೂ ಹೀಗೆಯೇ ಒಡೆಯುತ್ತವೆ. ಇಂಥ ಶಿಲೆಯ ಅಂಚಿಗೆ ಇನ್ನೊಂದು ಕಲ್ಲಿನಿಂದ ಹೊಡೆದಾಗ ಶಂಕುವಿನ ಒಂದು ಭಾಗ ಮಾತ್ರ ಚಕ್ಕೆಯಾಗಿ ಎದ್ದುಬರುತ್ತದೆ. ಚಕ್ಕೆಯ ಮೇಲೆ ಪೆಟ್ಟಿನ ಸ್ಥಳದ ಕೆಳಗೆ ಒಂದು ಉಬ್ಬು, ಉಳಿದ ಕಲ್ಲಿನ ಮೇಲೆ ಅದಕ್ಕೆ ಸರಿಹೊಂದುವ ತಗ್ಗು ಉಂಟಾಗುತ್ತವೆ. ಕೊಳದಲ್ಲಿ ಕಲ್ಲೆಸೆದಾಗ ಏಳುವ ಅಲೆಗಳಂತೆ ಮಂದವಾದ ಗೆರೆಗಳೂ ಕಾಣಬರುವುದುಂಟು.

ಇಂಥ ಒಂದು ತಗ್ಗು ಬೆಟ್ಟದಿಂದ ಉರುಳಿದ ಕಲ್ಲಿನಲ್ಲಿಯೂ ಆಗಬಹುದು. ಆದರೆ ಹತ್ತಾರು ತಗ್ಗುಗಳು ಸಾಲಾಗಿ, ಅಂಚಿನ ಎರಡು ಮೈಗಳಲ್ಲಿಯೂ, ಒಂದೇ ಉದ್ದೇಶಕ್ಕೆ ಅನುಗುಣವಾಗಿ ಇದ್ದರೆ ಅಲ್ಲಿ ಕೈಯೊಂದು ಕೆಲಸಮಾಡಿದೆ ಎಂದು ನಿರ್ಣಯಿಸಲು ಅಡ್ಡಿಯಿಲ್ಲ. ನಮ್ಮ ಕಲ್ಲುಕುಟಿಗನು ಕಲ್ಲನ್ನು ಒಮ್ಮೆ ತಿರುಗಿಸಿ ನೋಡಿ, ಎಲ್ಲಿ ಹೊಡೆದರೆ ಎತ್ತ ಸೀಳುತ್ತದೆ ಎಂದು ಹೇಳುತ್ತಾನಲ್ಲವೆ? ಆ ಜ್ಞಾನವೇ ಲಕ್ಷಾಂತರ ವರ್ಷಗಳ ಹಿಂದಿನ ಕುಶಲಿಗೂ ಇದ್ದಿತು.

ಇಷ್ಟು ತಿಳಿದರೂ ಫೂಟನಿಗೆ ತೃಪ್ತಿಯಾಗಲಿಲ್ಲ. ಪಲ್ಲಾವರದ ಕಲ್ಲು ಗುಂಡಿಯಿಂದ ಹೊರಗೆಸೆದ ಗರಸಿನಲ್ಲಿ ಬಿದ್ದಿತ್ತು. ಅದು ಯಾವ ಸ್ತರಕ್ಕೆ ಸೇರಿದ್ದು? ಮೇಲಿನಿಂದ ಉರುಳಿಬಂದುದೋ, ಒಳಗೆ ಹುದುಗಿದ್ದುದೋ? ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವನು ತನ್ನ ಸಹೋದ್ಯೋಗಿ ವಿಲಿಯಂ ಕಿಂಗನೊಡನೆ ಮದರಾಸಿನ ವಾಯವ್ಯಕ್ಕಿರುವ ಅತ್ತಿರಂಪಾಕ್ಕಂ ಎಂಬಲ್ಲಿಗೆ ಹೋಗಿ, ಮುರಕಲ್ಲಿನ ಗರಸಿನ ಪದರದೊಳಗೇ ಇಂಥ ಆಯುಧಗಳು ಸೇರಿಕೊಂಡಿರುವುದನ್ನು ಕಂಡನು. ಮೊದಲನೆಯ ಕಲ್ಲು ಒಂದು ಸಂಶಯವನ್ನು ಹುಟ್ಟಿಸಿತು; ಎರಡನೆಯ ನೆಲೆಯು ಆ ಸಂಶಯವನ್ನು ಪರಿಹರಿಸಿತು. ಈ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಡಬೇಕು.

ಗೋಕಾಕದ ಖಡ್ಗಮೃಗ

ಎರಡನೆಯದಾಗಿ ಚಿತ್ರಕಾರನು ಒಂದು ದವಡೆಯನ್ನು ಆರಿಸಿಕೊಳ್ಳಬಹುದು. ಬೆಳಗಾವಿ ಸೀಮೆಯನ್ನು ಅಳೆಯುತ್ತಿದ್ದ ಕಾಲದಲ್ಲಿ ಗೋಕಾಕದ ಸಮೀಪ, ಘಟಪ್ರಭೆಯನ್ನು ಸೇರುವ ಒಂದು ಹಳ್ಳದ ದಂಡೆಯ ಜೇಡಿಮಣ್ಣಿನಲ್ಲಿ ಫೂಟನಿಗೆ ಪಳೆಯುಳಿಕೆಗಳು ದೊರೆತುವು. ಅವುಗಳಲ್ಲಿ ಖಡ್ಗಮೃಗದ ಹಲ್ಲುಗಳೂ ಮೂಳೆಗಳೂ ಇದ್ದುವು. ಈಗ ಬದುಕಿರುವ ಜಾತಿಗಳಿಗೆ ಇದು ಪೂರ್ತಿಯಾಗಿ ಹೊಂದದೆ ಇದ್ದುದರಿಂದ ಅವನು ಇದನ್ನು ಹೊಸ ಜಾತಿಯೆಂದು ಗಣಿಸಿ, ದಖ್ಖನದ ಹೆಸರಿನಿಂದ ‘ರೈನೋಸೆರಸ್ ಡೆಕ್ಕನೆನ್ಸಿಸ್’ ಎಂದು ಕರೆದು 1874ರಲ್ಲಿ ವಿವರವಾಗಿ ವರ್ಣಿಸಿದನು.

ಪಳೆಯುಳಿಕೆಯ ಅಭ್ಯಾಸದಲ್ಲಿ ಹಲ್ಲಿಗೆ ಇಷ್ಟು ಬೆಲೆ ಏಕೆ? ದೇಹದಲ್ಲಿ ಹಲ್ಲಿನ ಮೇಲಿನ ಪಿಂಗಾಣಿಪದರಕ್ಕಿಂತ ಗಟ್ಟಿಯಾದ ವಸ್ತುವಿಲ್ಲ. ಮಾಂಸ ಕೊಳೆತು, ಮೂಳೆ ಪುಡಿಯಾದ ಬಳಿಕವೂ ಹಲ್ಲು ಉಳಿಯುತ್ತದೆ. ಅಷ್ಟೇ ಅಲ್ಲ, ಯಾವ ಪ್ರಾಣಿ ಏನನ್ನು ತಿನ್ನುತ್ತದೆಂಬುದಕ್ಕೆ ಅನುಸಾರವಾಗಿ ಅದರ ಹಲ್ಲಿನ ರಚನೆ ಇರುತ್ತದೆ. ಹುಲಿಯ ದವಡೆಹಲ್ಲು ಕತ್ತರಿಯ ಅಲಗಿನಂತೆ; ಹಸುವಿನದು ಅರ್ಧಚಂದ್ರಾಕಾರದ ಏಣುಗಳುಳ್ಳ ಬೀಸುವ ಕಲ್ಲಿನಂತೆ. ಖಡ್ಗಮೃಗದ ಮೇಲ್ದವಡೆಯ ಹಲ್ಲಿನಲ್ಲಿ ಹೊರಗೋಡೆಯೊಂದು ಉದ್ದಕ್ಕೆ ಓಡಿ, ಅದರಿಂದ ಎರಡು ಅಡ್ಡಗೋಡೆಗಳು ಒಳಕ್ಕೆ ಚಾಚಿಕೊಂಡಿರುತ್ತವೆ. ಈ ವಿನ್ಯಾಸವನ್ನು ಒಮ್ಮೆ ನೋಡಿದವನು ಅದನ್ನು ಹಸುವಿನ ಹಲ್ಲೆಂದು ಭ್ರಮಿಸುವಂತಿಲ್ಲ.

ಇಂದು ಗೋಕಾಕದ ಸುತ್ತಮುತ್ತ ಜೋಳ, ಕಬ್ಬುಗಳ ಹೊಲಗಳಿವೆ. ಖಡ್ಗಮೃಗವನ್ನು ಕಾಣಬೇಕಾದರೆ ಅಸ್ಸಾಮಿನ ಕಾಜಿರಂಗದಂಥ ಕಡೆಗೆ ಹೋಗಬೇಕು. ಅಂತಹ ದೊಡ್ಡ ಸಸ್ಯಾಹಾರಿಯು ಇಲ್ಲಿ ಬಾಳಿತ್ತೆಂದರೆ ಅದಕ್ಕೆ ಬೇಕಾದ ಮೇವೂ ನೀರೂ ಇಲ್ಲಿದ್ದುವೆಂದು ಹೇಳಬಹುದು. ಅದಕ್ಕಿಂತ ಹೆಚ್ಚಿಗೆ, ಇಡೀ ಸೀಮೆಯು ದಟ್ಟಡವಿಯಾಗಿತ್ತು ಎಂದು ಒಂದು ದವಡೆಯಿಂದ ಹೇಳಿದರೆ ಅದು ಕಥೆಯಾದೀತು, ವಿಜ್ಞಾನವಾಗದು. ಹಲ್ಲು ಪ್ರಾಣಿಯ ಹೆಸರನ್ನು ಹೇಳುತ್ತದೆ. ಕಾಲವನ್ನೂ ಪರಿಸರವನ್ನೂ ಹೇಳಬೇಕಾದುದು ಅದು ಹುದುಗಿದ್ದ ಮಣ್ಣು. ಇಲ್ಲಿಯೂ ಮತ್ತೆ ನಾವು ವಸ್ತುವಿನಿಂದ ಅದರ ನೆಲೆಗೆ ಬಂದೆವು.

ಪಳೆಯುಳಿಕೆಯಿಲ್ಲದ ಶಿಲೆ

ಹಾಗಾದರೆ ಪಳೆಯುಳಿಕೆಯೇ ಇಲ್ಲದ ಕಡೆ ಏನು ಮಾಡಬೇಕು? ನಾನು ವಾಸಿಸುವ ಕೃಷ್ಣರಾಜಪುರದಲ್ಲಿ ಬಾವಿ ತೋಡಿದವರನ್ನು ಕೇಳಿದರೆ ಹೇಳುತ್ತಾರೆ: ಮೊದಲು ಕೆಮ್ಮಣ್ಣು, ಬಳಿಕ ಗರಸು, ಅದರ ಕೆಳಗೆ ಕಪ್ಪುಬಿಳಿ ಪಟ್ಟೆಗಳುಳ್ಳ ಗಟ್ಟಿಬಂಡೆ. ಈ ಬಂಡೆಯನ್ನು ಎಷ್ಟು ಒಡೆದರೂ ಒಂದು ಶಂಖವೂ ಮೀನೂ ಎಲೆಯೂ ದೊರೆಯುವುದಿಲ್ಲ. ಇದು ನೈಸ್ ಎಂಬ ಶಿಲೆ. ಭೂಮಿಯ ಆಳದಲ್ಲಿ ಶಾಖ ಮತ್ತು ಒತ್ತಡಗಳಿಗೆ ಸಿಕ್ಕಿ ರೂಪಾಂತರ ಹೊಂದಿದುದು. ಲಾಲ್‌ಬಾಗಿನ ಗುಡ್ಡವು ಇದರ ಪ್ರಸಿದ್ಧ ಮಾದರಿ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ.

ಕೃಷ್ಣರಾಜಪುರದಿಂದ ಹಳೆಯ ಮದರಾಸು ರಸ್ತೆಯಲ್ಲಿ ಪೂರ್ವಕ್ಕೆ ಸಾಗಿ ಕೋಲಾರದ ಚಿನ್ನದ ಗಣಿಗಳ ಸೀಮೆಯನ್ನು ಸೇರಿದರೆ ಶಿಲೆಯ ಬಣ್ಣವೇ ಬೇರೆಯಾಗುತ್ತದೆ. ಅಲ್ಲಿ ಕಪ್ಪುಹಸುರು ಬಣ್ಣದ ಹಾಳೆಹಾಳೆಯಾದ ಶಿಲೆಗಳಿವೆ. ಇಂಥ ಶಿಲೆಗಳು ಧಾರವಾಡ, ಸಂಡೂರು, ಬಳ್ಳಾರಿ, ಕೋಲಾರಗಳಲ್ಲಿ ಉದ್ದುದ್ದ ಪಟ್ಟೆಗಳಾಗಿ ಹಬ್ಬಿರುವುದನ್ನು ಕಂಡು, ಅವೆಲ್ಲ ಒಂದೇ ಸಮುದಾಯಕ್ಕೆ ಸೇರಿದುವೆಂದು ತರ್ಕಿಸಿ, 1880ರ ದಶಕದಲ್ಲಿ ‘ಧಾರವಾಡ ಶ್ರೇಣಿ’ ಎಂಬ ಹೆಸರನ್ನು ಕೊಟ್ಟವನು ಫೂಟನೇ. ದಕ್ಷಿಣ ಭಾರತದ ಚಿನ್ನವು ಮುಖ್ಯವಾಗಿ ಈ ಶ್ರೇಣಿಯಲ್ಲಿಯೇ ಇದೆಯೆಂಬುದನ್ನೂ ಅವನು 1888ರಲ್ಲಿ ತೋರಿಸಿದನು. ಪ್ರಪಂಚದ ಭೂವಿಜ್ಞಾನಿಗಳೆಲ್ಲ ಇಂದು ಬಳಸುವ ಒಂದು ಕನ್ನಡ ಸ್ಥಳನಾಮ ಅದು.

ಧಾರವಾಡ ಶಿಲೆಗಳು ನೈಸಿನ ಮೇಲೆ ಕಾಲಾಂತರದಲ್ಲಿ ಶೇಖರವಾದುವೆಂದು ಫೂಟನು ತಿಳಿದನು. ಅವನ ಬಳಿಕ ಮೈಸೂರು ಇಲಾಖೆಯ ಮುಖ್ಯಸ್ಥನಾದ ಸ್ಮೀತನು ಇದನ್ನು ಒಪ್ಪಲಿಲ್ಲ. ನೈಸ್ ಶಿಲೆಯು ಕರಗಿದ ರೂಪದಲ್ಲಿ ಧಾರವಾಡ ಶಿಲೆಗಳೊಳಗೆ ನುಗ್ಗಿದೆ, ಆದುದರಿಂದ ಧಾರವಾಡಗಳೇ ಹಿರಿಯವು ಎಂಬುದು ಅವನ ವಾದ. ಪಳೆಯುಳಿಕೆ ಇದ್ದಿದ್ದರೆ ಯಾವುದು ಹಿರಿದು ಯಾವುದು ಕಿರಿದು ಎಂಬ ನಿರ್ಣಯಕ್ಕೆ ಅದೊಂದು ಆಧಾರವಾಗುತ್ತಿತ್ತು. ಅದಿಲ್ಲದೆ ವಿವಾದವು ದಶಕಗಳ ಕಾಲ ನಡೆಯಿತು.

ಕೊನೆಗೆ ಇಲ್ಲಿ ನೆರವಾದುದು ಪರಮಾಣುವಿನ ಗಡಿಯಾರ. ನೈಸ್ ಶಿಲೆಯಲ್ಲಿ ಜಿರ್ಕಾನ್ ಎಂಬ ಖನಿಜದ ಸಣ್ಣ ಹರಳುಗಳಿರುತ್ತವೆ. ಹರಳು ಹುಟ್ಟುವಾಗ ಯುರೇನಿಯಮನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ; ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಯುರೇನಿಯಂ 238 ಮೆಲ್ಲಮೆಲ್ಲನೆ ಕ್ಷಯಿಸಿ ಸೀಸವಾಗುತ್ತದೆ. ಅದರ ಅರ್ಧಾಯುಷ್ಯ 447 ಕೋಟಿ ವರ್ಷ. ಹರಳಿನಲ್ಲಿ ಮೊದಲು ನೂರು ಪಾಲು ಯುರೇನಿಯಂ ಇದ್ದಿತೆನ್ನೋಣ. 300 ಕೋಟಿ ವರ್ಷಗಳಾದ ಮೇಲೆ ಸುಮಾರು 63 ಪಾಲು ಉಳಿದು, 37 ಪಾಲು ಸೀಸವಾಗಿರುತ್ತದೆ. ಈ ಪ್ರಮಾಣವನ್ನು ಅಳೆದು ಹಿಂದಕ್ಕೆ ಲೆಕ್ಕಹಾಕಿದರೆ ಹರಳಿನ ವಯಸ್ಸು ಸಿಗುತ್ತದೆ. ಲಾಲ್‌ಬಾಗಿನ ನೈಸಿಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಹೇಳುವುದು ಇಂಥ ಲೆಕ್ಕಗಳ ಆಧಾರದಿಂದ. ಹಳೆಯ ವಿವಾದದಲ್ಲಿ ಎರಡು ಪಕ್ಷಗಳಿಗೂ ಸ್ವಲ್ಪ ಸ್ವಲ್ಪ ಸತ್ಯ ಸಿಕ್ಕಿದೆ: ಧಾರವಾಡ ಸಮುದಾಯದ ಬಹುಭಾಗವು ಹಳೆಯ ನೈಸಿನ ಮೇಲೆ ಶೇಖರವಾದುದೇ ಸರಿ, ಆದರೆ ನೈಸಿನೊಳಗೆ ಸಿಕ್ಕಿಕೊಂಡಿರುವ, ಅದಕ್ಕಿಂತ ಹಿರಿಯದಾದ ಶಿಲಾಪಟ್ಟೆಗಳೂ ಇವೆ. ಫೂಟನ ಕಾಲದಲ್ಲಿ ನಿರ್ಜೀವವೆಂದು ಎಣಿಸಲಾಗಿದ್ದ ಧಾರವಾಡದ ಸುಣ್ಣಕಲ್ಲುಗಳಲ್ಲಿಯೂ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ರಚನೆಗಳು ಆಮೇಲೆ ಬೆಳಕಿಗೆ ಬಂದಿವೆ.

ಮಣ್ಣು ಹೋದರೆ ಭಾಜಕವೇ ಹೋಯಿತು

ಇಷ್ಟನ್ನು ಓದಿದ ವಾಚಕರು, ‘ಭೌತವಿಜ್ಞಾನವು ಇಂಥ ಗಡಿಯಾರಗಳನ್ನು ಕೊಟ್ಟಮೇಲೆ ಸ್ತರ, ನೆಲೆ ಎಂದು ತಲೆಕೆಡಿಸಿಕೊಳ್ಳುವುದೇಕೆ? ವಸ್ತುವನ್ನು ಪ್ರಯೋಗಶಾಲೆಗೆ ಕೊಟ್ಟರೆ ಸಾಲದೆ?’ ಎಂದು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. ಅದು ಎಷ್ಟು ತಪ್ಪೆಂಬುದನ್ನು ನಮ್ಮ ಯಾದಗಿರಿ ಜಿಲ್ಲೆಯ ಒಂದು ಉದಾಹರಣೆಯಿಂದ ತಿಳಿಯಬಹುದು.

ಅಲ್ಲಿಯ ಹುಣಸಗಿಯ ಕಣಿವೆಯಲ್ಲಿ ಇಸಾಂಪುರವೆಂಬ ಹಳ್ಳಿಯಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದ ಕೊನೆಯಲ್ಲಿ ಇಲ್ಲಿ ಅಗೆತ ನಡೆಸಿ, ಹಳೆಯ ಶಿಲಾಯುಗದ ಜನರು ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಆಯುಧಗಳನ್ನು ಮಾಡುತ್ತಿದ್ದ ಸ್ಥಳವನ್ನೇ ಬಯಲಿಗೆ ತಂದರು. ಅದೇ ಪದರದಲ್ಲಿ ಮೇವು ತಿನ್ನುವ ಪ್ರಾಣಿಗಳ ಹಲ್ಲುಗಳೂ ಇದ್ದುವು. ಆ ಹಲ್ಲುಗಳನ್ನು ಎಲೆಕ್ಟ್ರಾನ್ ಸ್ಪಿನ್ ಅನುರಣನವೆಂಬ ವಿಧಾನದಿಂದ ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷಗಳ ಕಾಲವನ್ನು ನಿರ್ಣಯಿಸಿದರು.

ಆ ವಿಧಾನದ ತತ್ತ್ವ ಸರಳವಾದುದು. ಎಲ್ಲ ಮಣ್ಣಿನಲ್ಲಿಯೂ ಯುರೇನಿಯಂ, ಥೋರಿಯಂ, ಪೊಟಾಸಿಯಂಗಳ ಲವಲೇಶವಿದ್ದು ಅವುಗಳಿಂದ ವಿಕಿರಣವು ಹೊರಡುತ್ತಿರುತ್ತದೆ. ಮಣ್ಣಿನಲ್ಲಿ ಹೂತ ಹಲ್ಲಿಗೆ ಈ ವಿಕಿರಣವು ತಾಗಿದಾಗ ಅದರ ಹರಳುಗಳಲ್ಲಿನ ಕೆಲವು ಎಲೆಕ್ಟ್ರಾನುಗಳು ತಮ್ಮ ಸ್ಥಾನದಿಂದ ಕದಲಿ, ಹರಳಿನ ದೋಷಸ್ಥಾನಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕಾಲ ಕಳೆದಂತೆ ಸಿಕ್ಕಿಬಿದ್ದವುಗಳ ಸಂಖ್ಯೆ ಹೆಚ್ಚುತ್ತ ಹೋಗುತ್ತದೆ. ಅದನ್ನು ಅಳೆದರೆ ಹಲ್ಲು ಒಟ್ಟು ಎಷ್ಟು ವಿಕಿರಣವನ್ನು ಉಂಡಿದೆ ಎಂಬುದು ಗೊತ್ತಾಗುತ್ತದೆ. ವರ್ಷಕ್ಕೆ ಎಷ್ಟು ಉಣ್ಣುತ್ತಿತ್ತು ಎಂಬುದರಿಂದ ಇದನ್ನು ಭಾಗಿಸಿದರೆ ವರ್ಷಗಳ ಸಂಖ್ಯೆ ಬರುತ್ತದೆ.

ಲೆಕ್ಕಕ್ಕಾಗಿ ಒಂದು ಕಲ್ಪಿತ ಹಲ್ಲನ್ನು ತೆಗೆದುಕೊಳ್ಳೋಣ. ಅದು ಒಟ್ಟು 1,200 ಗ್ರೇ ವಿಕಿರಣವನ್ನು ಪಡೆದಿದೆ. ಸುತ್ತಲ ಮಣ್ಣು ವರ್ಷಕ್ಕೆ ಗ್ರೇಯ ಸಾವಿರದಲ್ಲೊಂದು ಪಾಲನ್ನು ಕೊಡುತ್ತಿದ್ದರೆ ಹಲ್ಲಿನ ವಯಸ್ಸು 12 ಲಕ್ಷ ವರ್ಷ. ಮಣ್ಣು ಅದರ ಎರಡರಷ್ಟು ಕೊಡುತ್ತಿದ್ದರೆ ಅದೇ ಹಲ್ಲಿಗೆ 6 ಲಕ್ಷ ವರ್ಷ. ಭಾಜ್ಯವು ಹಲ್ಲಿನಲ್ಲಿದೆ, ಭಾಜಕದ ಬಹುಭಾಗವು ಮಣ್ಣಿನಲ್ಲಿದೆ. ಹಲ್ಲನ್ನು ಕಿತ್ತು ತೊಳೆದು, ಅದು ಯಾವ ಮಣ್ಣಿನಿಂದ ಬಂದಿತೆಂಬುದನ್ನು ಮರೆತರೆ, ಪ್ರಪಂಚದ ಅತ್ಯುತ್ತಮ ಉಪಕರಣದಿಂದಲೂ ಅದರ ವಯಸ್ಸನ್ನು ಸರಿಯಾಗಿ ಹೇಳಲಾಗುವುದಿಲ್ಲ.

ಫೂಟನು ನೋಡಿದ ಅತ್ತಿರಂಪಾಕ್ಕಂ ನೆಲೆಯೂ ಇದಕ್ಕೆ ಸಾಕ್ಷಿ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ನೆಲದ ಮೇಲಿನ ಬೆಣಚಿಗೆ ತಾಗಿದಾಗ ಅದರಲ್ಲಿ ಅಲ್ಯೂಮಿನಿಯಂ 26, ಬೆರಿಲಿಯಂ 10 ಎಂಬ ವಿಕಿರಣಶೀಲ ಪರಮಾಣುಗಳು ಹುಟ್ಟುತ್ತವೆ. ಕಲ್ಲು ಆಳವಾಗಿ ಹೂತುಹೋದರೆ ಕಿರಣಗಳು ತಲುಪವು. ಆಗ ಅಲ್ಯೂಮಿನಿಯಂ ಬೇಗ, ಬೆರಿಲಿಯಂ ನಿಧಾನವಾಗಿ ಕ್ಷಯಿಸುತ್ತವೆ. ಅವೆರಡರ ಅನುಪಾತವು ಸುಮಾರು 14 ಲಕ್ಷ ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಈ ವಿಧಾನವನ್ನೂ ಭೂಕಾಂತತ್ವದ ಪರೀಕ್ಷೆಯನ್ನೂ ಬಳಸಿ, ಅಲ್ಲಿಯ ಅತ್ಯಂತ ಹಳೆಯ ಆಯುಧಗಳು 10 ಲಕ್ಷ ವರ್ಷಗಳಿಗಿಂತ ಹಿಂದಿನವು, ಬಹುಶಃ 15 ಲಕ್ಷ ವರ್ಷಗಳಷ್ಟು ಹಳೆಯವು ಎಂದು 2011ರಲ್ಲಿ ಪ್ರಕಟಿಸಲಾಯಿತು. ಎಷ್ಟು ಆಳದಲ್ಲಿ, ಯಾವ ಪದರದಲ್ಲಿ ಹೂತಿದ್ದವೆಂಬುದು ತಿಳಿಯದೆ ಇದ್ದಿದ್ದರೆ ಈ ಲೆಕ್ಕಕ್ಕೆ ಬುಡವೇ ಇರುತ್ತಿರಲಿಲ್ಲ. ಫೂಟನ ಕಾಲದಲ್ಲಿ ಇವಾವುವೂ ಗೊತ್ತಿರಲಿಲ್ಲ. ವಿಕಿರಣಶೀಲತೆಯ ಶೋಧವೇ ಆದುದು 1896ರಲ್ಲಿ. ಆದರೂ ಅವನು ಸ್ತರವನ್ನು ಹುಡುಕಿಕೊಂಡು ಹೋಗಿ ಬರೆದಿಟ್ಟುದರಿಂದ, ಒಂದೂವರೆ ಶತಮಾನದ ಬಳಿಕ ಬಂದವರಿಗೆ ಎಲ್ಲಿ ಅಗೆಯಬೇಕೆಂಬುದು ತಿಳಿದಿತ್ತು.

ನನ್ನ ಮೇಜಿನ ಮೇಲಿನ ಕಲ್ಲು

ಈ ಪಾಠವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ತಪ್ಪಿನಿಂದ ಕಲಿತೆನು. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನು ಕಪ್ಪು ಕಲ್ಲೊಂದನ್ನು ತಂದುಕೊಟ್ಟನು. ಕೃಷ್ಣರಾಜಪುರದ ಅವನ ಮನೆಯ ನಿವೇಶನವನ್ನು ಎತ್ತರಿಸಲು ಟ್ರ್ಯಾಕ್ಟರಿನಲ್ಲಿ ತರಿಸಿದ ಮಣ್ಣಿನಲ್ಲಿ ಅದು ಸಿಕ್ಕಿತಂತೆ. ಅಂಗೈಯಷ್ಟು ಉದ್ದ, ಒಂದು ತುದಿ ಮೊನಚು, ಇನ್ನೊಂದು ತುದಿಯಲ್ಲಿ ನಯವಾಗಿ ಉಜ್ಜಿದ ಬಾಯಿ. ನಾನು ಬಹಳ ಸಂತೋಷಪಟ್ಟು, ಮನೆಗೆ ಕೊಂಡೊಯ್ದು, ತೆಂಗಿನ ನಾರಿನಿಂದ ಉಜ್ಜಿ ತೊಳೆದು ಥಳಥಳಿಸುವಂತೆ ಮಾಡಿದೆನು. ಕಾಗದಗಳು ಹಾರದಂತೆ ಅದನ್ನು ಮೇಜಿನ ಮೇಲೆ ಇಟ್ಟುಕೊಂಡೆನು.

ಪುರಾತತ್ತ್ವವನ್ನು ಬೋಧಿಸುವ ಸ್ನೇಹಿತರೊಬ್ಬರು ಒಂದು ದಿನ ಮನೆಗೆ ಬಂದವರು ಅದನ್ನು ಕೈಗೆತ್ತಿಕೊಂಡು, ನವಶಿಲಾಯುಗದ ಕೊಡಲಿಯಾಗಿರಬಹುದೆಂದರು. ಬಳ್ಳಾರಿಯ ಬಳಿಯ ಕಪ್ಪಗಲ್ಲು ಬೆಟ್ಟದಲ್ಲಿ ಡಾಲರೈಟ್ ಶಿಲೆಯಿಂದ ಇಂಥ ಕೊಡಲಿಗಳನ್ನು ಹೇರಳವಾಗಿ ತಯಾರಿಸುತ್ತಿದ್ದ ಸ್ಥಳವನ್ನು ಫೂಟನೇ ವಿವರಿಸಿದ್ದಾನೆ ಎಂದೂ ಹೇಳಿದರು. ಬಳಿಕ ಮೂರು ಪ್ರಶ್ನೆಗಳನ್ನು ಕೇಳಿದರು. ಎಲ್ಲಿ ದೊರೆಯಿತು? ಎಷ್ಟು ಆಳದಲ್ಲಿ? ಜೊತೆಯಲ್ಲಿ ಏನೇನಿತ್ತು? ನಾನು ಒಂದಕ್ಕೂ ಉತ್ತರಿಸಲಾರದೆ ಹೋದೆನು. ವಿದ್ಯಾರ್ಥಿಯನ್ನು ವಿಚಾರಿಸಿದಾಗ, ಮಣ್ಣು ತಂದವರು ಯಾವುದೋ ಕೆರೆಯ ಕಡೆಯಿಂದ ತಂದರೆಂದಷ್ಟೇ ಅವನಿಗೆ ನೆನಪಿತ್ತು. ನಿವೇಶನದ ಮೇಲೆ ಆಗಲೇ ಮನೆ ಎದ್ದಿತ್ತು. ಕಲ್ಲಿನ ಸಂದಿಯಲ್ಲಿ ಅಂಟಿದ್ದಿರಬಹುದಾದ ಚೂರು ಮಣ್ಣನ್ನೂ ನಾನು ಬಚ್ಚಲಿಗೆ ಹರಿಯಬಿಟ್ಟಿದ್ದೆನು. ಸ್ನೇಹಿತರು ನಿಂದಿಸಲಿಲ್ಲ. ‘ಇದು ಕೊಡಲಿಯೆಂಬುದನ್ನು ಇನ್ನೂ ಹೇಳಬಹುದು, ಬೇರೇನನ್ನೂ ಹೇಳುವಂತಿಲ್ಲ’ ಎಂದು ಮೆಲ್ಲನೆ ಇಟ್ಟುಬಿಟ್ಟರು.

ಕೆರೆಗಳ ಹೂಳು, ಗುಡ್ಡಗಳ ಗರಸು, ಹೊಲಗಳ ಮೇಲ್ಮಣ್ಣು ಇವೆಲ್ಲ ಬೆಂಗಳೂರಿನ ಪೂರ್ವಭಾಗದಲ್ಲಿ ದಿನವೂ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುತ್ತಿವೆ. ಇದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಕಣ್ಣಿಗೆ ಬಿದ್ದುದನ್ನು ಸರಿಯಾಗಿ ನೋಡಿ ಬರೆದಿಡುವುದು ಯಾರಿಗೂ ಕಷ್ಟವಲ್ಲ. ಅಪೂರ್ವವೆಂದು ತೋರುವ ಕಲ್ಲೋ ಮೂಳೆಯೋ ಮಡಕೆಯ ಚೂರೋ ಕಂಡರೆ ಮೊದಲು ಅದನ್ನು ಕೀಳದೆ ಇದ್ದಲ್ಲಿಯೇ ಛಾಯಾಚಿತ್ರ ತೆಗೆಯಬೇಕು. ಅಳತೆಗಾಗಿ ಪಕ್ಕದಲ್ಲಿ ಒಂದು ಪಟ್ಟಿಯನ್ನೋ ಪೆನ್ನನ್ನೋ ಇಡಬೇಕು. ನೆಲದ ಮಟ್ಟದಿಂದ ಎಷ್ಟು ಆಳ, ಮಣ್ಣಿನ ಬಣ್ಣ ಯಾವುದು, ಹತ್ತಿರದ ಗುರುತು ಯಾವುದು ಎಂದು ಅಂದೇ ಬರೆಯಬೇಕು. ತೊಳೆಯಬಾರದು. ಬಳಿಕ ರಾಜ್ಯದ ಪುರಾತತ್ತ್ವ ಇಲಾಖೆಗೋ ಹತ್ತಿರದ ವಿಶ್ವವಿದ್ಯಾನಿಲಯದ ಸಂಬಂಧಪಟ್ಟ ವಿಭಾಗಕ್ಕೋ ತಿಳಿಸಬೇಕು.

ಚಿತ್ರವನ್ನು ಮುಗಿಸುವಾಗ

ಫೂಟನು ಹೇಳಿದುದೆಲ್ಲ ನಿಂತಿತೆಂದು ತಿಳಿಯಬಾರದು. ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಜನರಿಲ್ಲದ ದೀರ್ಘವಾದ ಒಂದು ಬಿಡುವಿತ್ತೆಂದು ಅವನು ನಂಬಿದ್ದನು. ಸಣ್ಣ ಸಣ್ಣ ಕಲ್ಲಿನ ಉಪಕರಣಗಳನ್ನು ಬಳಸುತ್ತಿದ್ದ ಜನರ ಕಾಲವು ಆ ಬಿಡುವನ್ನು ತುಂಬುತ್ತದೆಂದು ಮುಂದಿನವರು ತೋರಿಸಿದರು. ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ವಿಷಯದಲ್ಲಾದರೋ ಅವನ ಊಹೆ ಸರಿಯಾಗಿತ್ತು. ಕೆಲವರು ಅವುಗಳನ್ನು ಜ್ವಾಲಾಮುಖಿಯ ಬೂದಿಯೆಂದಿದ್ದರು. ಜನರು ರಾಕ್ಷಸರ ಚಿತೆಯೆನ್ನುತ್ತಿದ್ದರು. ಅವು ನವಶಿಲಾಯುಗದ ಗೋಪಾಲಕರ ಸಗಣಿಯ ರಾಶಿಗಳು ಸುಟ್ಟು ಆದುವೆಂದು ಫೂಟನು ತಿಳಿದನು. ರೇಮಂಡ್ ಆಲ್ಚಿನ್ನನು 1957ರಲ್ಲಿ ಉಟ್ನೂರಿನಲ್ಲಿ ನಡೆಸಿದ ಅಗೆತವು ದನಗಳ ದೊಡ್ಡಿಯನ್ನೂ ಗೊರಸಿನ ಗುರುತುಗಳನ್ನೂ ತೋರಿಸಿ ಇದನ್ನು ಸಮರ್ಥಿಸಿತು.

ಅವನ ತಪ್ಪನ್ನು ತಿದ್ದಲೂ ಅವನ ಸರಿಯನ್ನು ದೃಢಪಡಿಸಲೂ ಸಾಧ್ಯವಾದುದು ಒಂದೇ ಕಾರಣದಿಂದ: ತಾನು ಕಂಡ ವಸ್ತು ಎಲ್ಲಿಯದೆಂಬುದನ್ನು ಅವನು ಬರೆದಿಟ್ಟಿದ್ದನು. ನಾನೂರಕ್ಕೂ ಹೆಚ್ಚು ನೆಲೆಗಳಿಂದ ಕೂಡಿಸಿದ ಅವನ ಸಂಗ್ರಹವನ್ನು ಮದರಾಸಿನ ವಸ್ತುಸಂಗ್ರಹಾಲಯವು 1904ರಲ್ಲಿ ಕೊಂಡುಕೊಂಡಿತು. ಅದರ ಪಟ್ಟಿಯು ಅವನು ತೀರಿಕೊಂಡ ಮೇಲೆ, 1914 ಮತ್ತು 1916ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. ಪುಟದಿಂದ ಪುಟಕ್ಕೆ ಅದರಲ್ಲಿರುವುದು ವಸ್ತುವಿನ ವರ್ಣನೆ ಮತ್ತು ಊರಿನ ಹೆಸರು. ಓದಲು ರಂಜಕವಾದ ಗ್ರಂಥವಲ್ಲ. ಆದರೆ ಅದರೊಳಗಿನ ಒಂದೊಂದು ಸಾಲೂ ಇಂದಿಗೂ ಒಬ್ಬ ಸಂಶೋಧಕನನ್ನು ಒಂದು ಹಳ್ಳಿಯ ಕಡೆಗೆ ಕಳುಹಿಸಬಲ್ಲುದು.

ಆದುದರಿಂದ ನಮ್ಮ ಚಿತ್ರಕಾರನು ಕೇಳಿದರೆ ನಾನು ಹೀಗೆ ಹೇಳುವೆನು. ಫೂಟನ ಒಂದು ಕೈಯಲ್ಲಿ ಪಲ್ಲಾವರದ ಕಲ್ಲನ್ನಾದರೂ ಬರೆಯಲಿ, ಗೋಕಾಕದ ದವಡೆಯನ್ನಾದರೂ ಬರೆಯಲಿ. ಆದರೆ ಇನ್ನೊಂದು ಕೈಯಲ್ಲಿ ದಿನಚರಿಯ ಪುಸ್ತಕ ಮತ್ತು ಸೀಸದ ಕಡ್ಡಿಯನ್ನು ಬರೆಯಲು ಮರೆಯದಿರಲಿ.

ನನ್ನ ಮೇಜಿನ ಮೇಲಿನ ಕೊಡಲಿಯನ್ನು ಈಗ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಅದಕ್ಕೂ ಒಂದು ಚೀಟಿಯನ್ನು ಕಟ್ಟಿದ್ದೇನೆ. ಚೀಟಿಯಲ್ಲಿ ‘ದೊರೆತ ಸ್ಥಳ’ ಎಂಬುದರ ಮುಂದಿನ ಜಾಗ ಬರಿದಾಗಿದೆ. ಪ್ರತಿವರ್ಷವೂ ಹೊಸ ತರಗತಿಯು ಆರಂಭವಾದಾಗ ಅದನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಮೊದಲು ಚೀಟಿಯನ್ನು ಓದಿರೆಂದು ಹೇಳುತ್ತೇನೆ.